ಕಿವಿಯಣ್ಣನ ಕೆಂಪು ಗುರುತು

ಕಂಪನಿಯ ಪ್ರಕಾರ ಕಿವಿಯಣ್ಣನ ಕಿವಿಗಳು ಚೆನ್ನಾಗಿಯೇ ಇದ್ದವು. ಹಾಗೆಂದು ಕಂಪನಿಯ ಡಾಕ್ಟರು ಎರಡು ಸಲ ಬರೆದುಕೊಟ್ಟಿದ್ದರು. ಎರಡೂ ಕಾಗದಗಳ ಮೇಲೆ ಸೀಲಿತ್ತು, ಸಹಿಯಿತ್ತು, ತಾರೀಖಿತ್ತು. ಕಿವಿಯಣ್ಣನಿಗೆ ಏನೂ ಕೇಳಿಸುತ್ತಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಆ ಕಾಗದಗಳಲ್ಲಿ ಬೇರೆ ತಪ್ಪೇನೂ ಇರಲಿಲ್ಲ.

ಕಿವಿಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮೋಟಾರ್ ಸೈಕಲ್ ಕಾರ್ಖಾನೆ ಇಟ್ಟದ್ದು. ಎಂಜಿನ್ನಿಗೆ ಕಿವಿಗೊಡುವುದು ಅಲ್ಲಿ ಅವನ ಕೆಲಸ. ಹೊಸ ಗಾಡಿ ಬಂದು ಸ್ಟ್ಯಾಂಡಿನ ಮೇಲೆ ನಿಲ್ಲುತ್ತದೆ. ಒದ್ದು ಚಾಲೂ ಮಾಡಬೇಕು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ತಾಗಿಸಿ, ಅದರ ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಳ್ಳಬೇಕು. ಒಳಗೆ ಯಾವುದು ಸಡಿಲ, ಯಾವುದು ಬಿಗಿ, ಯಾವುದು ತಿಕ್ಕುತ್ತಿದೆ ಎಂಬುದೆಲ್ಲ ಮೂಳೆಗೆ ಬಂದು ವರದಿಯಾಗುತ್ತದೆ. ಸರಿಯಿದ್ದರೆ ಬಿಳಿ ಚಾಕಿನ ಗುರುತು. ಇಲ್ಲದಿದ್ದರೆ ಕೆಂಪು. ಪಾಳಿಗೆ ಅರವತ್ತು ಗಾಡಿ. ಇಪ್ಪತ್ತೊಂಬತ್ತು ವರ್ಷ ಅವನು ಮಾಡಿದ್ದು ಇಷ್ಟೇ.

ಗೇಟಿನ ಪಕ್ಕದಲ್ಲಿ ಒಂದು ಹಿತ್ತಾಳೆಯ ಫಲಕ. ಕಂಪನಿ ಕಟ್ಟಿದ ದೊಡ್ಡ ಯಜಮಾನರು ಹಾಕಿಸಿದ್ದು. "ಕೆಂಪು ಗುರುತು ಬಿದ್ದ ಗಾಡಿ ಈ ಗೇಟು ದಾಟಕೂಡದು. ಗುರುತು ಹಾಕಿದವನ ಹೊರತು ಇನ್ನಾರೂ ಅದನ್ನು ಅಳಿಸಕೂಡದು." ದೊಡ್ಡ ಯಜಮಾನರೇ ಒಮ್ಮೆ ಅವಸರದಲ್ಲಿ ಕೆಂಪು ಗುರುತಿನ ಗಾಡಿ ಹತ್ತಿದಾಗ ಕಾವಲುಗಾರ ಅವರನ್ನು ಕೆಳಗಿಳಿಸಿದ್ದನಂತೆ. ಈ ಕಥೆಯನ್ನು ಕಂಪನಿ ಪ್ರತಿವರ್ಷ ಹೇಳುತ್ತಿತ್ತು. ಆ ಕಾವಲುಗಾರ ಆಮೇಲೆ ಏನಾದ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಹಿಂದೊಮ್ಮೆ ಸದ್ದು ತಡೆಯುವ ಕಿವಿಮುಚ್ಚಳಗಳನ್ನು ತರಿಸಿ ಎಲ್ಲರಿಗೂ ಹಂಚಿದರು. ಎರಕದ ಮನೆಯವರಿಗೆ, ಬೆಸುಗೆಯವರಿಗೆ, ಗೇಟಿನ ಕಾವಲುಗಾರರಿಗೆ ಕೂಡ. ಕಿವಿಯಣ್ಣನಿಗೆ ಮಾತ್ರ ಇಲ್ಲ. ಕೇಳಿದ್ದಕ್ಕೆ ಅಂದಿನ ಮೇಸ್ತ್ರಿ ನಕ್ಕ.

"ಕಿವಿ ಮುಚ್ಕೊಂಡು ಕೂತ್ಕೊಳ್ಳೋಕೆ ನಿಂಗ್ಯಾಕಯ್ಯ ಸಂಬಳ ಕೊಡ್ಬೇಕು?"

ಮಾತು ಸರಿಯೆನ್ನಿಸಿತು. ಸ್ವಲ್ಪ ಹೆಮ್ಮೆಯೂ ಆಯಿತು. ಇಡೀ ಕಾರ್ಖಾನೆಯಲ್ಲಿ ತೆರೆದ ಕಿವಿ ತನ್ನದೊಂದೇ ಎಂದುಕೊಂಡು ಅವನು ಕೆಲಸಕ್ಕೆ ಹೋದ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಗಡಿಯಾರದ ಟಿಕ್ ಟಿಕ್ ಹೋಯಿತು. ಆಮೇಲೆ ಒಲೆಯ ಮೇಲೆ ನೀರು ಕುದಿಯುವ ಸದ್ದು. ಆಮೇಲೆ ಹೆಂಗಸರ ದನಿ, ಅದರ ಹಿಂದೆಯೇ ಗಂಡಸರ ದನಿ. ಕೊನೆಗೆ ಉಳಿದದ್ದು ತಲೆಯೊಳಗೇ ಹುಟ್ಟಿ ತಲೆಯೊಳಗೇ ಸುತ್ತುವ ಒಂದು ಗುಂಯ್ ಎನ್ನುವ ಸದ್ದು. ಅದಕ್ಕೆ ಪಾಳಿಯಿಲ್ಲ, ರಜೆಯಿಲ್ಲ. ಹೇಳಿದರೆ ಕೆಲಸ ಹೋಗುತ್ತದೆಂದು ಕಿವಿಯಣ್ಣ ಯಾರಿಗೂ ಬಾಯಿ ಬಿಡಲಿಲ್ಲ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನಿಂದ ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡ. ಎಂಜಿನ್ನಿನ ನಡುಕ ಹಲ್ಲಿಗೆ ಬಂತು, ಹಲ್ಲಿನಿಂದ ದವಡೆಗೆ ಬಂತು. ಒಂದು ಗಾಡಿಯೂ ತಪ್ಪಲಿಲ್ಲ. ಮರದ ಹಿಡಿಯ ಮೇಲೆ ಹಲ್ಲಿನ ಕಚ್ಚುಗಳು ಬಿದ್ದವು. ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು. ತುಟಿ ನೋಡಿ ಮಾತು ತಿಳಿಯುವುದನ್ನೂ ಕಲಿತ.

ಮೂರು ವರ್ಷದ ಕೆಳಗೆ ಒಂದು ಭಾನುವಾರ ಬೆಳಿಗ್ಗೆ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದಿತ್ತು. ಅರ್ಧ ಗಂಟೆ ಕೂಗಿದಳು. ಗೋಡೆಯ ಈಚೆ ಕಿವಿಯಣ್ಣ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ಸುದ್ದಿಯೆಲ್ಲ ಮುಗಿಸಿ ಜಾಹೀರಾತುಗಳನ್ನೂ ಓದಿದ. ಎದುರುಮನೆಯವಳು ಓಡಿ ಬಂದು ಭುಜ ಹಿಡಿದು ಅಲುಗಾಡಿಸಿದಾಗ, ಹೆಂಡತಿ ಚಹಾ ತಂದಳೆಂದುಕೊಂಡು ನಗುನಗುತ್ತಾ ತಲೆಯೆತ್ತಿದ. ಆ ನಗು ನೆನಪಾದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸುತ್ತಿತ್ತು.

ಮರುದಿನವೇ ಅರ್ಜಿ ಕೊಟ್ಟ. ಕೆಲಸದಿಂದ ಕಿವಿ ಹೋಗಿದೆ, ಪರೀಕ್ಷೆ ಮಾಡಿ ಬರೆದುಕೊಡಿ. ಅಷ್ಟು ಬರೆದುಕೊಟ್ಟರೆ ನಿಯಮದ ಪ್ರಕಾರ ಕಿವಿಗೆ ಮಿಷನ್ನು ಸಿಗುತ್ತಿತ್ತು, ಕೆಲಸ ಬಿಟ್ಟ ಮೇಲೆ ಪಿಂಚಣಿ ಸಿಗುತ್ತಿತ್ತು. ಹೆಂಡತಿ ಕೂಗಿದರೆ ಒಂದಿಷ್ಟಾದರೂ ಕೇಳಿಸುತ್ತಿತ್ತು.

ಕಂಪನಿಯ ಡಾಕ್ಟರು ಕರೆಸಿದರು. ಎರಡು ಕವಲಿನ ಉಕ್ಕಿನ ಕಡ್ಡಿಯನ್ನು ಮೇಜಿಗೆ ಬಡಿದು, ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ಗೊತ್ತಾದರೆ ಕೈ ಎತ್ತು ಎಂದು ಸನ್ನೆ ಮಾಡಿದರು. ಗೊತ್ತಾಗದೆ ಏನು? ಲಕ್ಷಗಟ್ಟಲೆ ಎಂಜಿನ್ನುಗಳು ನಡುಗಿದ ಜಾಗ ಅದು. ಕೈ ತಾನಾಗಿಯೇ ಮೇಲೆದ್ದಿತು. ಡಾಕ್ಟರು ಇನ್ನೂ ಮೆಲ್ಲಗೆ ಬಡಿದರು. ಕೈ ಎದ್ದಿತು. ಬಡಿದರೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಡಿದರು. ಆಗಲೂ ಎದ್ದಿತು. ಇದ್ದ ನಡುಕವನ್ನು ಇಲ್ಲವೆನ್ನುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಹೊರಗೆ ನಾದಿನಿ ಕಾಯುತ್ತಿದ್ದಳು. ಹೆಂಡತಿಯ ತಂಗಿ. ಅದೇ ಕಾರ್ಖಾನೆಯ ಬೆಸುಗೆ ವಿಭಾಗದಲ್ಲಿ ಆಗಲೇ ಎಂಟು ವರ್ಷದಿಂದ ಗುತ್ತಿಗೆ ಕೆಲಸ. ಕತ್ತು, ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಚುಕ್ಕೆಗಳು. ಕಿವಿಯಣ್ಣ ಗೆದ್ದವನಂತೆ ಹೊರಗೆ ಬಂದ.

"ಎಲ್ಲಾ ಹಿಡಿದೆ. ಒಂದೂ ಬಿಡ್ಲಿಲ್ಲ."

ನಾದಿನಿ ಹಣೆ ಚಚ್ಚಿಕೊಂಡಳು. "ಅಯ್ಯೋ ಭಾವ, ನೀವು ಹೋಗಿದ್ದು ಫೇಲ್ ಆಗೋಕೆ!"

ಆರು ತಿಂಗಳ ಮೇಲೆ ಮತ್ತೆ ಅರ್ಜಿ ಕೊಟ್ಟ. ಈ ಸಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂರಬೇಕೆಂದು ನಾದಿನಿ ಅಭ್ಯಾಸ ಮಾಡಿಸಿದ್ದಳು. ಅಷ್ಟೆಲ್ಲ ಬೇಕಾಗಲಿಲ್ಲ. ಡಾಕ್ಟರು ಅವನನ್ನು ಕರೆಯಲೇ ಇಲ್ಲ. ಹಳೆಯ ಕಾಗದವನ್ನೇ ನಕಲು ಮಾಡಿ ತಾರೀಖು ಬದಲಿಸಿ ಕಳಿಸಿದರು.

ಕಿವಿ ಸರಿಯಿದೆ ಎಂದಾದ ಮೇಲೆ ಎಲ್ಲರೂ ಅವನ ಬೆನ್ನಿಗೇ ಮಾತಾಡತೊಡಗಿದರು. ಬೆನ್ನ ಹಿಂದೆ ಕೂಗಿದಾಗ ಅವನು ತಿರುಗಲಿಲ್ಲ. ಕಿವಿ ಸರಿಯಿದ್ದೂ ಮೇಲಿನವರ ಮಾತು ಕೇಳದವನು ಎಂದು ಮೆಮೊ ಬಂತು. ಒಂದಲ್ಲ, ಮೂರು. ಮೂರಕ್ಕೂ ಅವನು ಉತ್ತರ ಬರೆದ. ಆ ಉತ್ತರಗಳನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಜಗತ್ತು ಬದಲಾಯಿತು. ಹಾಗೆಂದು ದೊಡ್ಡ ಯಜಮಾನರ ಮೊಮ್ಮಗ, ಈಗಿನ ಚಿಕ್ಕ ಯಜಮಾನ, ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಮೈಕಿನಲ್ಲಿ ಹೇಳಿದ. ಒಂದು ದೇಶ ಹೊಗೆ ಬೇಡವೆಂದಿತು. ಇನ್ನೊಂದು ಸದ್ದು ಬೇಡವೆಂದಿತು. ಮತ್ತೊಂದು ಪೆಟ್ರೋಲೇ ಬೇಡವೆಂದಿತು. ಹಡಗು ಹತ್ತಿದ ಗಾಡಿಗಳು ಹಡಗಿನಲ್ಲೇ ವಾಪಸು ಬಂದವು. ನಿನ್ನೆ ಮೊನ್ನೆಯವರೆಗೆ ಫೋನು ತಯಾರಿಸುತ್ತಿದ್ದ ಕಂಪನಿಗಳು ಹಗುರ ಗಾಡಿಗಳನ್ನು ಮಾಡಿ ಹುಡುಗರ ಕೈಗೆ ಕೊಟ್ಟವು. "ನಾವೂ ಬದಲಾಗಬೇಕು" ಎಂದ ಚಿಕ್ಕ ಯಜಮಾನ. ನಾವು ಎಂದರೆ ಯಾರು ಎಂಬುದು ಮುಂದಿನ ವಾರ ಗೊತ್ತಾಯಿತು. ಎರಕದ ಮನೆಗೆ ಬೀಗ ಬಿತ್ತು. ಕಾಯಿಸಿದ ಲೋಹ ಸುರಿದು ಸುರಿದು ಮೊಣಕೈವರೆಗೆ ಸುಟ್ಟುಕೊಂಡಿದ್ದ ಮೂವತ್ತಾರು ಜನರಿಗೆ ಒಂದೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಇನ್ನು ಮೇಲೆ ಹೊತ್ತು ನೋಡುವುದೊಂದೇ ಕೆಲಸ ಎಂದಿರಬೇಕು.

ಉಳಿದವರು ಸೇರಿ ಕರೆಂಟಿನ ಗಾಡಿ ಮಾಡಿದರು. ನೋಡಲು ಹಳೆಯದರ ಹಾಗೆಯೇ ಇತ್ತು. ಆದರೆ ಸದ್ದಿಲ್ಲ. ಹಳೆಯ ಗಿರಾಕಿಗಳು ಮೂಗು ಮುರಿದರು. ಡಗ್ ಡಗ್ ಇಲ್ಲದ ಮೇಲೆ ಅದು ನಿಮ್ಮ ಗಾಡಿಯೇ ಅಲ್ಲ ಎಂದರು. ಚಿಕ್ಕ ಯಜಮಾನ ತಲೆ ಕೆಡಿಸಿಕೊಂಡ. ಪ್ರಚಾರದ ಮ್ಯಾನೇಜರು ದಾರಿ ತೋರಿಸಿದ. ಪೆಟ್ರೋಲ್ ಟ್ಯಾಂಕು ಹೇಗೂ ಖಾಲಿ. ಅದರೊಳಗೆ ಒಂದು ಸ್ಪೀಕರು ಇಟ್ಟರು. ಹಳೆಯ ಎಂಜಿನ್ನಿನ ಸದ್ದನ್ನು ಅದಕ್ಕೆ ತುಂಬಿದರು. ಹ್ಯಾಂಡಲ್ಲಿನಲ್ಲಿ ಒಂದು ತಿರುಗಣೆ. ಬೇಕಾದಷ್ಟು ಡಗ್ ಡಗ್ ಬರುತ್ತದೆ, ಬೇಡವಾದರೆ ನಿಲ್ಲುತ್ತದೆ.

ಇಷ್ಟರಿಂದಲೇ ಗಾಡಿ ಮಾರುವುದಿಲ್ಲ, ಜೊತೆಗೆ ಪರಂಪರೆಯನ್ನೂ ಮಾರಬೇಕು ಎಂದ ಮ್ಯಾನೇಜರು. ಹುಡುಕಿದಾಗ ಕಾರ್ಖಾನೆಯಲ್ಲಿ ಉಳಿದಿದ್ದ ಪರಂಪರೆ ಎರಡೇ. ಒಂದು ಹಿತ್ತಾಳೆಯ ಫಲಕ, ಇನ್ನೊಂದು ಕಿವಿಯಣ್ಣ. ಪುಸ್ತಕ ಅಚ್ಚಾಯಿತು. ಮೊದಲ ಪುಟದಲ್ಲಿ ಕಿವಿಯಣ್ಣನ ಎಡಗಿವಿ ಅಂಗೈಯಗಲ ಬಂತು. "ನಮ್ಮ ಪ್ರತಿ ಗಾಡಿಯನ್ನೂ ಒಬ್ಬ ಮನುಷ್ಯ ಕೇಳಿಯೇ ಕಳಿಸುತ್ತಾನೆ" ಎಂದು ಕೆಳಗೆ ಬರೆದಿತ್ತು. ಎಂಟು ದೇಶಗಳ ಕೊಳ್ಳುವವರಿಗೆ ಪುಸ್ತಕ ಹೋಯಿತು. ಅವರು ಖುಷಿಪಟ್ಟರು. ಕರಾರಿನಲ್ಲೇ ಆ ಫಲಕದ ಮಾತನ್ನು ಸೇರಿಸಿದರು. ಕೇಳುವವನ ಕಿವಿ ಸರಿಯಿದೆಯೇ ಎಂದೂ ವಿಚಾರಿಸಿದರು. ಮ್ಯಾನೇಜರು ಡಾಕ್ಟರ ಎರಡು ಕಾಗದಗಳನ್ನೂ ಫೈಲಿಗೆ ಹಾಕಿ ಕಳಿಸಿದ.

ಅದೇ ವಾರ ನೋಟಿಸು ಬೋರ್ಡಿನಲ್ಲಿ ಹೆಚ್ಚುವರಿ ಕೆಲಸಗಾರರ ಪಟ್ಟಿ ಬಂತು. ಮುಂದಿನ ತಿಂಗಳಿಂದ ಕೆಲಸ ಇಲ್ಲದವರ ಪಟ್ಟಿ. ಕಿವಿಯಣ್ಣನ ಹೆಸರು ನಾಲ್ಕನೆಯದು.

ಗಾಡಿ ನೋಡಲು ಕೊಳ್ಳುವವರು ಕಾರ್ಖಾನೆಗೆ ಬರುವ ಹಿಂದಿನ ದಿನ ಮ್ಯಾನೇಜರು ಅವನನ್ನು ಕರೆಸಿಕೊಂಡ. ಮೇಜಿನ ಮೇಲೆ ದೊಡ್ಡ ಯಜಮಾನರ ಕಾಲದ ಖಾಕಿ ಅಂಗಿ, ಟೋಪಿ. ಪಕ್ಕದಲ್ಲಿ ಕಿವಿಯಣ್ಣನದೇ ಸ್ಕ್ರೂಡ್ರೈವರು. ಫೋಟೋದಲ್ಲಿ ಚೆನ್ನಾಗಿ ಬರಲೆಂದು ಅದರ ಹಿಡಿಯನ್ನು ಉಜ್ಜಿ ವಾರ್ನಿಶ್ ಬಳಿದಿದ್ದರು. ಹಲ್ಲಿನ ಕಚ್ಚುಗಳು ಮಾಯವಾಗಿದ್ದವು. ಮ್ಯಾನೇಜರು ಮುಖಕ್ಕೆ ಮುಖ ಕೊಟ್ಟು, ತುಟಿ ಅಗಲಿಸಿ, ನಿಧಾನವಾಗಿ ಮಾತಾಡಿದ. ಕಿವಿ ಸರಿಯಿರುವವನ ಜೊತೆ ಯಾರೂ ಹಾಗೆ ಮಾತಾಡುವುದಿಲ್ಲ.

"ಇದನ್ನ ಗಾಡಿಗೆ ಇಡಿ. ಕಣ್ಣು ಮುಚ್ಚಿ. ಐದು ಎಣಿಸಿ. ನಗಿ. ಬಿಳಿ ಗುರುತು ಹಾಕಿ. ಅಷ್ಟೇ."

"ಗಾಡಿ ಚಾಲೂ ಮಾಡಿ, ಒಂದ್ಸಲ ನೋಡ್ತೀನಿ."

"ಬೇಡ ಬೇಡ. ನೀವು ನೋಡೋದು ಬೇಡ, ನಿಮ್ಮನ್ನ ಅವರು ನೋಡ್ಬೇಕು."

"ನನ್ನ ಅರ್ಜಿ?"

"ನಾಳೆ ಚೆನ್ನಾಗಿ ಮಾಡಿ. ಯಜಮಾನರು ಯೋಚನೆ ಮಾಡ್ತಾರೆ."

ಮ್ಯಾನೇಜರು ಬಿಳಿ ಚಾಕ್ ಒಂದನ್ನು ಕೈಗಿಟ್ಟು, ಮೇಜಿನ ಮೇಲಿದ್ದ ಕೆಂಪು ಚಾಕ್‌ಗಳ ಡಬ್ಬವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಜೊತೆಗೊಬ್ಬಳು ಸಹಾಯಕಿ ಬೇಕು ಎಂದು ಕಿವಿಯಣ್ಣ ಹಟ ಹಿಡಿದ. ಯಾಕೆ ಎಂದು ಮ್ಯಾನೇಜರು ಕೇಳುವ ಹಾಗಿರಲಿಲ್ಲ. ಯಾಕೆಂದು ಅವನಿಗೂ ಗೊತ್ತಿತ್ತು. ನಾದಿನಿಗೆ ಒಂದು ದಿನದ ಮಟ್ಟಿಗೆ ನೀಲಿ ಟೋಪಿ ಸಿಕ್ಕಿತು.

ಕಾರ್ಖಾನೆಯಲ್ಲಿ ನೀಲಿ ಟೋಪಿ ಕಾಯಂ ಕೆಲಸಗಾರರಿಗೆ. ಗುತ್ತಿಗೆಯವರಿಗೆ ಹಳದಿ. ಹಳದಿ ಟೋಪಿಯವರು ಕ್ಯಾಂಟೀನಿನ ಕುರ್ಚಿಯಲ್ಲಿ ಕೂರುವಂತಿಲ್ಲ, ಹಿಂದಿನ ನಲ್ಲಿಯ ಪಕ್ಕ ನಿಂತು ಉಣ್ಣಬೇಕು. ಮರುದಿನ ಬೆಳಿಗ್ಗೆ ಹಳದಿ ಟೋಪಿಗಳನ್ನೆಲ್ಲ ಹಿಂಭಾಗದ ಗೋದಾಮಿಗೆ ಸೇರಿಸಿ ಬಾಗಿಲು ಮುಂದಕ್ಕೆಳೆದರು. ಸುಟ್ಟ ಕೈ, ಹರಿದ ಚಪ್ಪಲಿ ಪರದೇಶದವರ ಕಣ್ಣಿಗೆ ಬೀಳಬಾರದಲ್ಲ.

"ನೋಡಿ ಭಾವ, ಹನ್ನೊಂದು ವರ್ಷಕ್ಕೆ ಪ್ರಮೋಷನ್ನು" ಎಂದು ನಾದಿನಿ ಟೋಪಿ ತೋರಿಸಿದಳು. ಆಮೇಲೆ ನಗು ನಿಲ್ಲಿಸಿ ಅವನ ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಅಕ್ಕ ಹೇಳಿ ಕಳಿಸಿದ್ದಾಳೆ. ಇವತ್ತೊಂದಿನ ಅವರು ಹೇಳಿದ ಹಾಗೆ ಮಾಡಿ. ಕಾಗದ ಸಿಗುತ್ತೆ."

"ಮಾಡ್ತೀನಿ ತಾಯಿ."

ಮಾಡಬೇಕೆಂದೇ ಬಂದಿದ್ದ. ಇದು ಸುಳ್ಳಲ್ಲ. ಬೆಳಿಗ್ಗೆ ಹೆಂಡತಿ ಊರುಗೋಲಿನ ಮೇಲೆ ಭಾರ ಹಾಕಿ ಬಾಗಿಲವರೆಗೆ ಬಂದಿದ್ದಳು. ಅವಳ ಕೈ ಮುಟ್ಟಿ ಹೇಳಿ ಬಂದಿದ್ದ. ಆದರೆ ಇಪ್ಪತ್ತೊಂಬತ್ತು ವರ್ಷದ ಅಭ್ಯಾಸದಂತೆ ಒಂದು ಕೆಂಪು ಚಾಕಿನ ತುಂಡು ಬಲಗಿವಿಯ ಮೇಲೆ, ಟೋಪಿಯ ಅಂಚಿನಲ್ಲಿ ಕೂತಿತ್ತು. ನಿಮ್ಮ ಕಿವಿಗೆ ಉಳಿದಿರೋ ಕೆಲಸ ಅದೊಂದೇ ಎಂದು ನಾದಿನಿ ಯಾವಾಗಲೂ ಛೇಡಿಸುತ್ತಿದ್ದಳು.

ಬೆಳಿಗ್ಗೆ ಹತ್ತಕ್ಕೆ ಕೊಳ್ಳುವವರು ಬಂದರು. ಶೆಡ್ಡಿನ ನಡುವೆ ಹೊಸ ಗಾಡಿ ಸ್ಟ್ಯಾಂಡಿನ ಮೇಲೆ ಹಿಂಚಕ್ರ ಎತ್ತಿಕೊಂಡು ನಿಂತಿತ್ತು. ಬಂದವರಲ್ಲಿ ನರೆಗೂದಲಿನ ಒಬ್ಬ ಹೆಂಗಸು. ಗಾಡಿಗಳ ತಪಾಸಣೆ ಅವಳ ಕೆಲಸ. ಕಂಕುಳಲ್ಲಿ ಫೈಲು, ಕೈಯಲ್ಲಿ ನೋಟ್‌ಬುಕ್ಕು, ಪಕ್ಕದಲ್ಲಿ ದುಭಾಷಿ. ಉಳಿದವರೆಲ್ಲ ಫೋಟೋ ತೆಗೆಯುತ್ತಿದ್ದರೆ ಅವಳು ಫಲಕದ ಮಾತನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಚಿಕ್ಕ ಯಜಮಾನ ಕಿವಿಯಣ್ಣನ ಹೆಗಲ ಮೇಲೆ ಕೈ ಹಾಕಿದ. ಈ ಮೂರು ವರ್ಷದಲ್ಲಿ ಆ ಕೈ ಅವನಿಗೆ ತಾಗಿದ್ದು ಇದೇ ಮೊದಲು. "ಇವರು ನಮ್ಮ ಕಂಪನಿಯ ಕಿವಿ" ಎಂದ. ಚಪ್ಪಾಳೆ ಬಿತ್ತು. ಚಿಕ್ಕ ಯಜಮಾನ ಗುಂಡಿ ಒತ್ತಿದ. ಹಿಂಚಕ್ರ ತಿರುಗಿತು. ತಿರುಗಣೆಯನ್ನು ಪೂರ್ತಿ ತಿರುಗಿಸಿದ. ಖಾಲಿ ಟ್ಯಾಂಕಿನಿಂದ ಡಗ್ ಡಗ್ ಎಂದು ಸದ್ದು ಹೊರಟು ತಗಡಿನ ಮಾಡು ಅದುರಿತು. ಬಂದವರ ಮುಖ ಅರಳಿತು. ಕೆಲವರು ಕಣ್ಣೊರೆಸಿಕೊಂಡರು.

ಕಿವಿಯಣ್ಣನಿಗೆ ಅದಾವುದೂ ಕೇಳಿಸಲಿಲ್ಲ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಹೊದಿಕೆಗೆ ಇಟ್ಟ. ಹಿಡಿಯನ್ನು ಕಚ್ಚಿದ. ವಾರ್ನಿಶ್ ಕಹಿಯಾಗಿತ್ತು. ಕಣ್ಣು ಮುಚ್ಚಿದ. ಒಂದು. ಎರಡು.

ಮೂರು ಎಣಿಸಲಿಲ್ಲ. ಹಲ್ಲಿಗೆ ಏನೋ ಸಿಕ್ಕಿತು. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಪ್ರತಿ ಸುತ್ತಿಗೂ ಒಂದು ಸಲ, ಅದೇ ಜಾಗದಲ್ಲಿ, ಕರಕ್ ಎಂದು. ಮೋಟಾರಿನ ಬೇರಿಂಗು ಕಚ್ಚುತ್ತಿತ್ತು. ಸದ್ದು ಕೇಳುವವರಿಗೆಲ್ಲ ಸ್ಪೀಕರಿನ ಅಬ್ಬರದಲ್ಲಿ ಅದು ಮುಚ್ಚಿಹೋಗಿತ್ತು. ಕೇಳದವನಿಗೆ ಮಾತ್ರ ಮುಚ್ಚಲಿಲ್ಲ.

ಐದು ಎಣಿಸುವಷ್ಟು ಹೊತ್ತಾಯಿತು. ಈಗ ನಗಬೇಕು. ಕಿವಿಯಣ್ಣ ಕೈಯಲ್ಲಿದ್ದ ಬಿಳಿ ಚಾಕನ್ನು ನೋಡಿದ. ಬಿಳಿ ಗುರುತು ಹಾಕಿದರೆ ಕಾಗದ. ಹಾಕದಿದ್ದರೆ ನೋಟಿಸು ಬೋರ್ಡು. ಹೆಂಡತಿಯ ಊರುಗೋಲು ಕಣ್ಣ ಮುಂದೆ ಬಂತು. ಹಾಕಿಬಿಡೋಣ ಎಂದೇ ಕೈ ಎತ್ತಿದ. ಅವಳಿಗೆ ಮಾತು ಕೊಟ್ಟಿದ್ದೇನೆ, ಗಾಡಿಗೇನೂ ಕೊಟ್ಟಿಲ್ಲವಲ್ಲ ಎಂದುಕೊಂಡ.

ಆಗ ಎದುರಿಗೆ ನಿಂತಿದ್ದ ಮ್ಯಾನೇಜರು ಚಿಕ್ಕ ಯಜಮಾನನ ಕಡೆ ವಾಲಿದ. ಸದ್ದಿನ ನಡುವೆ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯ. ಅವನ ತುಟಿಗಳು ಮಾತ್ರ ಕಿವಿಯಣ್ಣನಿಗೆ ಅಚ್ಚುಕಟ್ಟಾಗಿ ಕಂಡವು.

"ಕೆಪ್ಪ ನನ್ಮಗ ಏನ್ ಆಕ್ಟಿಂಗ್ ಮಾಡ್ತಾನೆ ನೋಡಿ ಸಾರ್. ನಿಜವಾಗ್ಲೂ ಕೇಳಿಸ್ತಿದೆ ಅನ್ಬೇಕು."

ಚಿಕ್ಕ ಯಜಮಾನ ಹಲ್ಲು ಕಿಸಿದ.

ಕಿವಿಯಣ್ಣನ ಮೈ ಬಿಸಿಯಾಯಿತು. ಮೂರು ವರ್ಷ. ಎರಡು ಸರ್ಟಿಫಿಕೇಟು. ಮೂರು ಮೆಮೊ. ಇವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಬಿಳಿ ಚಾಕನ್ನು ಜೇಬಿಗೆ ಹಾಕಿದ. ಕೈ ಬಲಗಿವಿಗೆ ಹೋಯಿತು. ಹೊಳೆಯುವ ಮೋಟಾರಿನ ಮೇಲೆ ಅಂಗೈಯಗಲದ ಕೆಂಪು ಗುರುತು ಬಿತ್ತು.

ಚಪ್ಪಾಳೆ ತಟ್ಟಲು ಎತ್ತಿದ್ದ ಕೈಗಳು ಹಾಗೇ ನಿಂತವು. ಚಿಕ್ಕ ಯಜಮಾನ ಗುಂಡಿ ಒತ್ತಿ ಗಾಡಿ ನಿಲ್ಲಿಸಿದ. ನೋಟ್‌ಬುಕ್ಕಿನ ಹೆಂಗಸು ಹತ್ತಿರ ಬಂದು ಕೆಂಪನ್ನು ಬಗ್ಗಿ ನೋಡಿ, ಏನು ದೋಷ ಎಂದು ದುಭಾಷಿಯ ಮೂಲಕ ಕೇಳಿಸಿದಳು. ನಾದಿನಿ ಅವನ ಮುಂದೆ ನಿಂತು ತುಟಿಯಲ್ಲಿ ಹೇಳಿದಳು.

"ಬೇರಿಂಗು ಕಚ್ಚುತ್ತಿದೆ" ಎಂದ ಕಿವಿಯಣ್ಣ. "ಬಿಚ್ಚಿ ಬದಲಾಯಿಸ್ಬೇಕು. ಹೀಗೇ ಓಡಿಸಿದ್ರೆ ನಡುದಾರೀಲಿ ಚಕ್ರ ಹಿಡ್ಕೊಂಡು ಹತ್ತಿದವನು ಬೀಳ್ತಾನೆ."

ಅವಳು ಬರೆದುಕೊಂಡಳು. ಚಿಕ್ಕ ಯಜಮಾನ ನಗುತ್ತಲೇ ಕಿವಿಯಣ್ಣನ ತೋಳು ಹಿಡಿದು ಕಂಬದ ಮರೆಗೆ ಎಳೆದುಕೊಂಡು ಹೋದ. ಮರೆಗೆ ಹೋಗುತ್ತಿದ್ದಂತೆ ನಗು ಹೋಯಿತು, "ಇವರು" ಎಂಬುದೂ ಹೋಯಿತು. ಒರೆಸುವ ಬಟ್ಟೆಯನ್ನು ಅವನ ಎದೆಗೆ ಒತ್ತಿದ.

"ಅಳಿಸು. ಸಂಜೆಯೊಳಗೆ ನಿನ್ನ ಕಾಗದಕ್ಕೆ ಸಹಿ ಹಾಕಿಸ್ತೀನಿ. ಕಿವುಡ ಅಂತಾನೇ ಬರೆಸ್ತೀನಿ. ಸಾಕಾ?"

ಮೂರು ವರ್ಷ ಕಾದ ಮಾತು ಅದು. ಕಿವಿಯಣ್ಣ ಆ ಬಟ್ಟೆಯನ್ನು ಕೈಗೆ ತೆಗೆದುಕೊಂಡ. ನಾದಿನಿಯ ಕಡೆ ನೋಡಿದ. ಅವಳು ಅಳಿಸಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಕಣ್ಣು ತುಂಬಿಕೊಂಡು ನಿಂತಿದ್ದಳು. ಅವಳ ಕತ್ತಿನ ಮೇಲಿನ ಸುಟ್ಟ ಚುಕ್ಕೆಗಳು ನೀಲಿ ಟೋಪಿಯ ಕೆಳಗೂ ಹಾಗೆಯೇ ಇದ್ದವು.

"ಅಳಿಸಲ್ಲ" ಎಂದ. "ಕಿವಿ ತಗೊಂಡ್ರಿ. ಹಲ್ಲು ತಗೊಂಡ್ರಿ. ಕಾಗದ ಕೊಡ್ತೀನಿ, ಸುಳ್ಳು ಗುರುತು ಹಾಕು ಅಂತೀರಿ. ನಾನು ಕಿವುಡ ಅನ್ನೋದು ನಿಜ, ಅದನ್ನ ಬರೆಯೋಕೆ ನಿಮಗೆ ಲಂಚ ಬೇಕಾ? ಬೇರಿಂಗು ಹಾಳಾಗಿದೆ ಅನ್ನೋದೂ ನಿಜ. ಎರಡೂ ಅಳಿಸಲ್ಲ."

ಮೆಲ್ಲಗೆ ಹೇಳಿದೆನೆಂದು ಅವನು ಅಂದುಕೊಂಡ. ತನ್ನ ದನಿ ಎಷ್ಟು ದೊಡ್ಡದೆಂದು ಅವನಿಗೆ ತಿಳಿಯುವ ಕಾಲ ಹೋಗಿ ವರ್ಷಗಳಾಗಿದ್ದವು. ಇಡೀ ಶೆಡ್ಡಿಗೆ ಕೇಳಿಸಿತು. ಕಂಬದ ಈಚೆ ದುಭಾಷಿ ಒಂದು ಮಾತೂ ಬಿಡದೆ ನೋಟ್‌ಬುಕ್ಕಿನ ಹೆಂಗಸಿಗೆ ಹೇಳಿದ. ಅದಕ್ಕಾಗಿಯೇ ಅವನಿಗೆ ಸಂಬಳ ಕೊಡುತ್ತಿದ್ದರು.

ಚಿಕ್ಕ ಯಜಮಾನ ಕಂಬದ ಮರೆಯಿಂದ ಈಚೆ ಬಂದ. ಮುಖ ಕೆಂಪಗಾಗಿತ್ತು.

"ಅವನ ಗುರುತು ಲೆಕ್ಕಕ್ಕಿಲ್ಲ. ಅವನಿಗೆ ಕಿವೀನೇ ಕೇಳಲ್ಲ! ಹತ್ತು ವರ್ಷದಿಂದ ಕೆಪ್ಪ ಅವನು. ಯಾರನ್ನ ಬೇಕಾದ್ರೂ ಕೇಳಿ!"

ಹೆಂಗಸು ಫೈಲು ಬಿಚ್ಚಿದಳು. ಎರಡು ಕಾಗದಗಳನ್ನು ಹೊರಗೆ ತೆಗೆದು ಎತ್ತಿ ತೋರಿಸಿದಳು. ಕಿವಿ ಸರಿಯಿದೆ ಎಂದು ನಿಮ್ಮ ಡಾಕ್ಟರೇ ಬರೆದಿದ್ದಾರಲ್ಲ ಎಂದು ದುಭಾಷಿ ಹೇಳಿದ. ಕಾಗದ ಸರಿಯಾಗಿದ್ದರೆ ಗುರುತೂ ಸರಿ. ಗಾಡಿ ಗೇಟು ದಾಟುವಂತಿಲ್ಲ. ಗುರುತು ಸರಿಯಿಲ್ಲ ಎನ್ನುವುದಾದರೆ ಕಾಗದ ಸರಿಯಿಲ್ಲ ಎಂದು ಬರೆದುಕೊಡಿ. ಯಾವುದು ಬೇಕೋ ನೀವೇ ಹೇಳಿ.

ಮ್ಯಾನೇಜರು ನೆಲ ನೋಡಿದ. ಎಂಟು ದೇಶಗಳವರು ಚಿಕ್ಕ ಯಜಮಾನನನ್ನು ನೋಡಿದರು.

ಮೂರು ವರ್ಷದಲ್ಲಿ ಆಗದ ಕೆಲಸ ಹತ್ತು ನಿಮಿಷದಲ್ಲಿ ಆಯಿತು. ಡಾಕ್ಟರು ಓಡೋಡಿ ಬಂದರು. ಉಕ್ಕಿನ ಕಡ್ಡಿ ತರಲಿಲ್ಲ, ಬರೀ ಪೆನ್ನು ತಂದರು. ಗಾಡಿಯ ಸೀಟಿನ ಮೇಲೆಯೇ ಕಾಗದ ಇಟ್ಟು ಬರೆದರು. ಎರಡೂ ಕಿವಿ ಪೂರ್ತಿ ಹೋಗಿವೆ. ಯಾವ ಕಾರಣದಿಂದ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದರು. ಹೆಂಗಸು ಆ ಖಾಲಿ ಜಾಗದ ಮೇಲೆ ಬೆರಳಿಟ್ಟಳು. ಡಾಕ್ಟರು ಚಿಕ್ಕ ಯಜಮಾನನ ಮುಖ ನೋಡಿದರು. ಚಿಕ್ಕ ಯಜಮಾನ, ಬರೆದು ಸಾಯಿ ಎಂಬಂತೆ ಕೈ ಬೀಸಿದ. "ಎಂಜಿನ್ನಿನ ಸದ್ದಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ್ದರಿಂದ" ಎಂದು ಬರೆದರು. ಸೀಲು ಬಿತ್ತು. ಒಂದು ಪ್ರತಿ ಫೈಲಿಗೆ ಹೋಯಿತು, ಒಂದನ್ನು ನಾದಿನಿ ಕೈಚಾಚಿ ತೆಗೆದುಕೊಂಡಳು. ಅವಳು ಓದಿ, ಮತ್ತೊಮ್ಮೆ ಓದಿ, ಮಡಿಸಿ ಭಾವನ ಜೇಬಿಗೆ ಹಾಕಿದಳು.

ಚಿಕ್ಕ ಯಜಮಾನ ತಾನೇ ಬಟ್ಟೆ ತೆಗೆದುಕೊಂಡು ಕೆಂಪು ಗುರುತನ್ನು ಒರೆಸಿದ. ಗುರುತು ಹೋಯಿತು. ಅಂಗೈ ಕೆಂಪಾಯಿತು.

"ಕೆಪ್ಪನ ಮಾತಿಗೆ ಬೆಲೆಯಿಲ್ಲ ಅಂತ ಈಗ ತೋರಿಸ್ತೀನಿ" ಎಂದವನೇ ಗಾಡಿ ಹತ್ತಿದ. ತಿರುಗಣೆ ಪೂರ್ತಿ ತಿರುಗಿಸಿದ. ಡಗ್ ಡಗ್ ಎನ್ನುತ್ತಾ ಗಾಡಿ ಶೆಡ್ಡು ದಾಟಿ, ಅಂಗಳ ದಾಟಿ, ಬೀಗ ಹಾಕಿದ ಎರಕದ ಮನೆಯ ಹಿಂದೆ ತಿರುಗಿತು. ಎಲ್ಲರೂ ಬಾಗಿಲಿಗೆ ಬಂದು ನಿಂತರು. ಸದ್ದು ಕೇಳುತ್ತಲೇ ಇತ್ತು. ಗಾಡಿ ಮಾತ್ರ ಆ ಕಡೆಯಿಂದ ಹೊರಗೆ ಬರಲಿಲ್ಲ. ಎರಡು ನಿಮಿಷವಾಯಿತು, ಐದಾಯಿತು. ಎಷ್ಟು ಚೆನ್ನಾಗಿ ಓಡುತ್ತಿದೆ ಎಂದು ಮ್ಯಾನೇಜರು ಕೈ ಹೊಸೆಯುತ್ತಾ ಹೇಳಿದ.

ಆಮೇಲೆ ಗೋಡೆಯ ಮರೆಯಿಂದ ಹಳದಿ ಟೋಪಿಗಳು ಕಾಣಿಸಿದವು. ಎರಕದ ಮನೆಯ ಹಿಂದೆಯೇ ಗೋದಾಮು. ಸಹಾಯಕ್ಕೆ ಬೇರೆ ಯಾರೂ ಸಿಗದೆ ಚಿಕ್ಕ ಯಜಮಾನನೇ ಬಾಗಿಲು ತೆಗೆಸಿದ್ದ. ಹಿಂಚಕ್ರ ಕಚ್ಚಿಕೊಂಡಿತ್ತು. ಇಬ್ಬರು ಹ್ಯಾಂಡಲ್ಲು ಹಿಡಿದಿದ್ದರು, ನಾಲ್ವರು ಹಿಂಭಾಗವನ್ನು ಹೆಗಲಿಗೆ ಹೊತ್ತಿದ್ದರು. ಸುಟ್ಟ ಕೈಗಳು, ಹರಿದ ಚಪ್ಪಲಿಗಳು. ಕೊಳ್ಳುವವರು ಫೋಟೋ ತೆಗೆದರು. ಹಿಂದೆ ಚಿಕ್ಕ ಯಜಮಾನ ಒಂದು ಕಾಲು ಕುಂಟುತ್ತಾ ಬಂದ. ಸ್ಪೀಕರು ನಿಲ್ಲಿಸಲು ಯಾರಿಗೂ ತೋಚಿರಲಿಲ್ಲ. ಆರು ಜನ ಹೊತ್ತು ತಂದ ಗಾಡಿ ಡಗ್ ಡಗ್ ಎನ್ನುತ್ತಲೇ ಶೆಡ್ಡಿಗೆ ಬಂತು.

ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿದರು. ಕಿವಿಯಣ್ಣ ಹತ್ತಿರ ಹೋದ. ಯಾರೂ ತಡೆಯಲಿಲ್ಲ. ಮೋಟಾರನ್ನು ಮುಟ್ಟಲಿಲ್ಲ. ಸ್ಕ್ರೂಡ್ರೈವರನ್ನು ಖಾಲಿ ಟ್ಯಾಂಕಿನ ಮೇಲಿಟ್ಟು ಹಿಡಿಯನ್ನು ಕಚ್ಚಿದ. ಕಣ್ಣು ಮುಚ್ಚಿ ಐದು ಎಣಿಸಿದ. ಮ್ಯಾನೇಜರು ಹೇಳಿಕೊಟ್ಟಿದ್ದ ಹಾಗೆಯೇ ನಕ್ಕ. ಜೇಬಿನಿಂದ ಬಿಳಿ ಚಾಕ್ ತೆಗೆದು ಟ್ಯಾಂಕಿನ ಮೇಲೆ ದೊಡ್ಡದಾಗಿ ಬಿಳಿ ಗುರುತು ಹಾಕಿದ.

"ಸ್ಪೀಕರು ಚೆನ್ನಾಗಿದೆ" ಎಂದ. "ಕಳಿಸಬಹುದು."

ಹಳದಿ ಟೋಪಿಗಳಲ್ಲಿ ಯಾರೋ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. ನಾದಿನಿ ನೀಲಿ ಟೋಪಿ ತೆಗೆದು ಸೀಟಿನ ಮೇಲಿಟ್ಟು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ತನ್ನ ಹಳದಿ ಟೋಪಿ ಹಾಕಿಕೊಂಡಳು. ಇಬ್ಬರೂ ಗೇಟಿನ ಕಡೆ ನಡೆದರು. ಹಿಂದಿನಿಂದ ಚಿಕ್ಕ ಯಜಮಾನ ಕೂಗಿದ. ನಿಲ್ಲು ಎಂದ, ನಿಲ್ಲೋ ಎಂದ, ಕೊನೆಗೆ ನಿಲ್ಲಿ ಎಂದ.

ನಾದಿನಿ ತೋಳು ಮುಟ್ಟಿದಳು. "ಭಾವ, ಯಜಮಾನ್ರು ಕರೀತಿದ್ದಾರೆ."

ಕಿವಿಯಣ್ಣ ತಿರುಗಲಿಲ್ಲ. ಜೇಬಿನ ಮೇಲೆ ಕೈಯಿಟ್ಟು ಕಾಗದ ಇದೆಯೇ ಎಂದು ನೋಡಿಕೊಂಡ.

"ನಂಗೆ ಕೇಳಿಸಲ್ಲ ಅಂತ ಬರ್ಕೊಟ್ಟಿದ್ದಾರಲ್ಲ" ಎಂದ. "ಇನ್ನು ಮೆಮೊ ಕೊಡೋ ಹಾಗಿಲ್ಲ. ನಡಿ, ನಿಮ್ಮಕ್ಕ ಬಾಗಿಲಲ್ಲೇ ನಿಂತಿರ್ತಾಳೆ."